ಆಸ್ಪತ್ರೆಯಲ್ಲಿದ್ದಾಗ ಕಿಡ್ನಿ ಕೈಕೊಟ್ಟರೆ ತಜ್ಞರನ್ನು ಯಾವಾಗ ಕರೆಸಬೇಕು?

ನ್ಯುಮೋನಿಯಾ ಎಂದು ದಾಖಲಾದವರಿಗೆ, ದೊಡ್ಡ ಆಪರೇಷನ್ ಆದವರಿಗೆ, ವಾಂತಿ-ಭೇದಿಯಿಂದ ಬಸವಳಿದವರಿಗೆ ಎರಡು ಮೂರು ದಿನದೊಳಗೇ ಕಿಡ್ನಿ ಕುಸಿಯುವುದುಂಟು. ವರ್ಷಗಟ್ಟಲೆ ಸವೆದು ಬರುವ ಕಾಯಿಲೆಯಲ್ಲ ಇದು, ದಿಢೀರ್ ಬೀಳುವ ಪೆಟ್ಟು. ಬೇಗ ಗುರುತಿಸಿದರೆ ಎಷ್ಟೋ ಸಲ ಕಿಡ್ನಿ ಚೇತರಿಸಿಕೊಳ್ಳುತ್ತದೆ. ಆದರೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ, ರೋಗಿಗೂ ಗೊತ್ತಾಗುವುದಿಲ್ಲ. ಹಾಸಿಗೆಯ ಪಕ್ಕದಲ್ಲಿರುವವರು ಏನೇನು ಗಮನಿಸಬೇಕು, ಏನು ಕೇಳಬೇಕು ಎಂಬುದು ಇಲ್ಲಿದೆ.

ಮೊದಲು ಹಳೆಯ ರಿಪೋರ್ಟ್ ಹುಡುಕಿ

ಕ್ರಿಯಾಟಿನಿನ್ ಎಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ತ್ಯಾಜ್ಯ, ಕಿಡ್ನಿ ಸೋತರೆ ರಕ್ತದಲ್ಲಿ ಅದು ಏರುತ್ತದೆ. ಇಂದಿನ ಕ್ರಿಯಾಟಿನಿನ್ ಅಂಕಿಯೊಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಕಳೆದ ವರ್ಷ 0.6 ಇದ್ದ ವೃದ್ಧೆಗೆ ಇಂದು 1.1 ಬಂದಿದೆ ಎನ್ನಿ. ಲ್ಯಾಬಿನವರು ಅದನ್ನು ‘ನಾರ್ಮಲ್’ ಎಂದೇ ಬರೆದಿರಬಹುದು. ಆದರೆ ಆ ವೃದ್ಧೆಯ ಪಾಲಿಗೆ ಅದು ಹತ್ತಿರಹತ್ತಿರ ಎರಡು ಪಟ್ಟು! ಕೆಡಿಗೊ ಎಂಬ ಅಂತರರಾಷ್ಟ್ರೀಯ ಕಿಡ್ನಿ ಸಂಸ್ಥೆಯ 2012ರ ಮಾರ್ಗಸೂಚಿಯ ಪ್ರಕಾರ 48 ಗಂಟೆಯಲ್ಲಿ 0.3 ಮಿ.ಗ್ರಾಂ ಏರಿದರೂ, ಏಳು ದಿನದೊಳಗೆ ಒಂದೂವರೆ ಪಟ್ಟಾದರೂ ಕಿಡ್ನಿಗೆ ಪೆಟ್ಟಾಗಿದೆ ಎಂದೇ ಅರ್ಥ. ಕ್ರಿಯಾಟಿನಿನ್ ತಡವಾಗಿ ಏರುವಂಥದ್ದು ಎಂಬುದನ್ನೂ ಮರೆಯಬೇಡಿ. ಪೆಟ್ಟು ಬಿದ್ದು ಒಂದೆರಡು ದಿನ ಕಳೆದ ಮೇಲಷ್ಟೇ ರಿಪೋರ್ಟಿನಲ್ಲಿ ಕಾಣಬಹುದು.

ಮೂತ್ರದ ಲೆಕ್ಕ ಇಡಿ

ಆರು ಗಂಟೆಗಳ ಕಾಲ ಗಂಟೆಗೆ ಪ್ರತಿ ಕಿಲೋ ತೂಕಕ್ಕೆ ಅರ್ಧ ಮಿಲಿಲೀಟರಿಗಿಂತ ಕಡಿಮೆ ಮೂತ್ರ ಹೋದರೆ ಎಚ್ಚರ. 60 ಕಿಲೋ ತೂಗುವವರಿಗೆ ಆರು ಗಂಟೆಗೆ 180 ಮಿಲಿ. ಕಡಿಮೆ ಅನ್ನಿಸಿದರೆ ರೌಂಡ್ಸ್ ತನಕ ಕಾಯದೆ ನರ್ಸ್‌ಗೆ ಆಗಲೇ ಹೇಳಿ.

ವಾರ್ಡಿನ ವೈದ್ಯರು ಅಂದೇ ಮಾಡಬೇಕಾದ್ದು

ನೀರಿನಂಶ, ರಕ್ತದೊತ್ತಡ, ಸೋಂಕು ನೋಡುವುದು. ಮೂತ್ರ ಪರೀಕ್ಷೆ ಮಾಡಿಸುವುದು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನಿಲ್ಲಿಸುವುದು. ಉಳಿದ ಔಷಧಿಗಳ ಪ್ರಮಾಣ ಮರುಪರಿಶೀಲಿಸುವುದು. ಇದ್ಯಾವುದಕ್ಕೂ ತಜ್ಞರು ಬರಲೆಂದು ಕಾಯಬೇಕಿಲ್ಲ. ರೋಗಿ ಮನೆಯಲ್ಲಿ ತಾವಾಗಿಯೇ ನುಂಗುತ್ತಿದ್ದ ಮಾತ್ರೆಗಳನ್ನು ಮುಚ್ಚಿಡದೆ ಹೇಳಿ, ಕಾರಣ ಅಲ್ಲೇ ಇರಬಹುದು.

ತಜ್ಞರು ಯಾರಿಗೆ, ಎಷ್ಟು ಬೇಗ?

ನಿರ್ಜಲೀಕರಣದಿಂದಾದ ಸಣ್ಣ ಏರಿಕೆ ಡ್ರಿಪ್ ಕೊಟ್ಟ ಮೇಲೆ ಇಳಿಯುತ್ತಿದ್ದರೆ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಬೇಕೆಂದೇನೂ ಇಲ್ಲ. ಆದರೆ ಕಾರಣವೇ ತಿಳಿಯದಿದ್ದರೆ, ಚಿಕಿತ್ಸೆಗೆ ಬಗ್ಗದಿದ್ದರೆ, ಕ್ರಿಯಾಟಿನಿನ್ ಮೂರು ಪಟ್ಟಾದರೆ, ಕಸಿ ಮಾಡಿದ ಕಿಡ್ನಿ ಇದ್ದರೆ ಅಥವಾ ಮೊದಲೇ ಕಿಡ್ನಿ ತೀರಾ ದುರ್ಬಲವಾಗಿದ್ದರೆ ಆದಷ್ಟು ಬೇಗ, 24 ಗಂಟೆ ಮೀರದಂತೆ ಕಿಡ್ನಿ ತಜ್ಞರ ಜೊತೆ ಚರ್ಚಿಸಬೇಕು ಎನ್ನುತ್ತದೆ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ. ಸೋಂಕಿಲ್ಲದೆ ಮೂತ್ರದಲ್ಲಿ ರಕ್ತ, ಪ್ರೋಟೀನು ಎರಡೂ ಕಂಡರೆ ನಾನಂತೂ ಒಂದು ದಿನವನ್ನೂ ಬಿಟ್ಟುಕೊಡಬೇಡಿ ಎನ್ನುತ್ತೇನೆ. ಕಿಡ್ನಿಯ ಸೋಸುವ ಭಾಗವೇ ಉರಿಯೂತಕ್ಕೆ ಸಿಕ್ಕಿರಬಹುದು. ಅದಕ್ಕೆ ಬೇರೆಯದೇ ಔಷಧಿ ಬೇಕು, ತಡವಾದಷ್ಟೂ ಕಿಡ್ನಿ ಉಳಿಯುವ ಸಾಧ್ಯತೆ ಕಡಿಮೆ.

“ಡಾಕ್ಟರೇ, ಕಿಡ್ನಿ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿದ್ದೀರಾ?” ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಆಸ್ಪತ್ರೆಯಲ್ಲಿ ತಜ್ಞರಿಲ್ಲದಿದ್ದರೆ ಫೋನಿನಲ್ಲಾದರೂ ಸಲಹೆ ಪಡೆಯಬಹುದು.

ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೇರಿದರೆ, ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಡಲಾಗದಿದ್ದರೆ, ರೋಗಿಗೆ ಮಂಕು ಕವಿದರೆ 24 ಗಂಟೆಯ ಮಾತೇ ಇಲ್ಲ, ಆ ಕ್ಷಣವೇ ಕರೆಸಬೇಕು. ಮೂತ್ರನಾಳ ಕಟ್ಟಿಕೊಂಡಿದ್ದರೆ ಯುರಾಲಜಿಸ್ಟ್, ಅಂದರೆ ಮೂತ್ರಾಂಗಗಳ ಶಸ್ತ್ರಚಿಕಿತ್ಸಾ ತಜ್ಞರು ಬೇಕು.

ತಜ್ಞರು ಬಂದರೆ ಡಯಾಲಿಸಿಸ್ಸೇ?

ಈ ಭಯದಿಂದಲೇ ಎಷ್ಟೋ ಮನೆಯವರು ಹಿಂಜರಿಯುತ್ತಾರೆ. ಹಾಗೇನಿಲ್ಲ. ಐಸಿಯುನಲ್ಲಿದ್ದ ಸುಮಾರು 3,000 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಸ್ಟಾರ್ಟ್-ಎಕೆಐ ಅಧ್ಯಯನದಲ್ಲಿ, ತುರ್ತು ಕಾರಣವಿಲ್ಲದೆ ಅವಸರವಾಗಿ ಡಯಾಲಿಸಿಸ್ ಶುರು ಮಾಡಿದ್ದರಿಂದ 90 ದಿನಗಳೊಳಗಿನ ಸಾವು ಕಡಿಮೆಯಾಗಲಿಲ್ಲ. ಡಯಾಲಿಸಿಸ್ ಬೇಕೋ, ಕಾಯಬಹುದೋ ಎಂದು ತೂಗಿ ನೋಡುವುದಕ್ಕೇ ತಜ್ಞರು ಬೇಗ ಬರಬೇಕು.

ಮನೆಗೆ ಹೊರಡುವ ಮುನ್ನ

ಡಿಸ್ಚಾರ್ಜ್ ಸಮರಿಯಲ್ಲಿ ಕಿಡ್ನಿಗೆ ಪೆಟ್ಟಾಗಿದ್ದ ವಿಷಯ, ಕೊನೆಯ ಕ್ರಿಯಾಟಿನಿನ್ ಬರೆದಿದೆಯೇ ನೋಡಿ. ನಿಲ್ಲಿಸಿದ್ದ ಬಿಪಿ, ಸಕ್ಕರೆ ಮಾತ್ರೆಗಳನ್ನು ಮತ್ತೆ ಯಾವಾಗ ಶುರು ಮಾಡಬೇಕೆಂದು ಕೇಳಿ ಬರೆಸಿಕೊಳ್ಳಿ. ಮುಂದಿನ ರಕ್ತಪರೀಕ್ಷೆಯ ದಿನವನ್ನು ಅಲ್ಲೇ ಗೊತ್ತು ಮಾಡಿಕೊಳ್ಳಿ. ಆರಾಮಾಗಿದ್ದರೂ ಮೂರು ತಿಂಗಳಾದ ಮೇಲೆ ಕ್ರಿಯಾಟಿನಿನ್ ಜೊತೆ ಮೂತ್ರದ ಪ್ರೋಟೀನನ್ನೂ ಪರೀಕ್ಷಿಸಿಕೊಳ್ಳಬೇಕು.