ಬ್ರಿಟನ್‌ನಲ್ಲಿ ಜಂತುಹುಳದ ಮಾತ್ರೆ: ಯಾವಾಗ, ಎಲ್ಲಿ, ಹೇಗೆ

ಭಾರತದಲ್ಲಿ ಫೆಬ್ರವರಿ 10, ಆಗಸ್ಟ್ 10 ಬಂತೆಂದರೆ ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಅಲ್ಬೆಂಡಜೋಲ್ ಅನ್ನುವ ಜಂತುಹುಳದ ಮಾತ್ರೆ ಕೊಡುತ್ತಾರೆ. ಬ್ರಿಟನ್‌ನಲ್ಲಿ ಆ ಪದ್ಧತಿ ಇಲ್ಲ. ಹುಳ ಇದೆ ಅಂತ ಗೊತ್ತಾದರೆ ಮಾತ್ರ ಇಲ್ಲಿ ಔಷಧಿ. ಆರು ತಿಂಗಳಾಯ್ತು ಅಂತ ಸುಮ್ನೆ ಮಾತ್ರೆ ನುಂಗಬೇಕಿಲ್ಲ.

ಇಲ್ಲಿನ ಮಕ್ಕಳಲ್ಲಿ ಜಾಸ್ತಿ ಕಾಣುವುದು ಥ್ರೆಡ್‌ವರ್ಮ್, ಬಿಳಿ ದಾರದ ಚೂರಿನಂಥ ಹುಳ. ಹೆಣ್ಣು ಹುಳ ರಾತ್ರಿ ಹೊತ್ತು ಗುದದ ಸುತ್ತ ಮೊಟ್ಟೆ ಇಡುತ್ತದೆ. ನಿದ್ದೆಯಲ್ಲಿ ಮಗು ತುರಿಸಿಕೊಳ್ಳುವುದು ಅದಕ್ಕೇ. ಹಲ್ಲು ಕಡಿಯಿತು ಅನ್ನುವುದನ್ನಷ್ಟೇ ನೋಡಿ ಹುಳ ಅಂದುಕೊಳ್ಳಬೇಡಿ. ಮಗು ಮಲಗಿದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಹುಳವೇ ಕಾಣಬಹುದು.

ಕಂಡರೆ ಜಿಪಿ (ನಿಮ್ಮ ಕುಟುಂಬ ವೈದ್ಯರು) ಅಪಾಯಿಂಟ್‌ಮೆಂಟ್‌ಗೆ ಕಾಯದೆ ನೇರ ಫಾರ್ಮಸಿಗೆ ಹೋಗಿ. ಮೆಬೆಂಡಜೋಲ್ ಅನ್ನುವ ಹುಳದ ಮಾತ್ರೆ ಪ್ರಿಸ್ಕ್ರಿಪ್ಷನ್ ಇಲ್ಲದೆ ಸಿಗುತ್ತದೆ. ಎರಡು ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ಅದೇ 100 ಮಿಲಿಗ್ರಾಂ, ಒಂದೇ ಸಲ. ಮಾತ್ರೆಯನ್ನು ಅಗಿದು ತಿನ್ನಬಹುದು.

ಜನ ಎಡವುವುದು ಇದರ ಮುಂದೆ. ತುರಿಕೆ ಇರುವ ಮಗುವಿಗೆ ಮಾತ್ರ ಕೊಟ್ಟು ಸುಮ್ಮನಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತುರಿಕೆ ಇರಲಿ, ಇಲ್ಲದಿರಲಿ, ಮನೆಯವರೆಲ್ಲ ಒಂದೇ ದಿನ ತೆಗೆದುಕೊಳ್ಳಬೇಕು. ಮಾತ್ರೆ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಹಾಸಿಗೆ, ಆಟಿಕೆಗಳ ಮೇಲೆ ಮೊಟ್ಟೆ ಎರಡು ವಾರದವರೆಗೂ ಬದುಕಿರಬಲ್ಲದು. ಹುಳ ಮತ್ತೆ ಕಂಡರೆ ಎರಡು ವಾರದ ಮೇಲೆ ಇನ್ನೊಂದು ಡೋಸ್ ಬೇಕಾಗುತ್ತದೆ. ಮೊದಲ ದಿನವೇ ಹೊದಿಕೆ, ರಾತ್ರಿ ಬಟ್ಟೆಗಳನ್ನು ಕೊಡವದೆ ಎತ್ತಿ ಒಗೆಯಲು ಹಾಕಿ. ಉಗುರು ಕತ್ತರಿಸಿ. ಬೆಳಿಗ್ಗೆ ಎದ್ದ ಕೂಡಲೇ ಸ್ನಾನ ಮಾಡಿಸಿದರೆ ರಾತ್ರಿ ಇಟ್ಟ ಮೊಟ್ಟೆ ತೊಳೆದುಹೋಗುತ್ತದೆ. ಮಗುವನ್ನು ಶಾಲೆ ಬಿಡಿಸಬೇಕಿಲ್ಲ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಎರಡು ವರ್ಷದೊಳಗಿನ ಮಕ್ಕಳು ಇದ್ದರೆ ಮೊದಲು ಜಿಪಿಯನ್ನು ಕೇಳಿ. ಊರಿಂದ ತಂದ ಮಾತ್ರೆ ಪೆಟ್ಟಿಗೆಯಲ್ಲಿದ್ದರೂ ಅವರಿಗೆ ಕೊಡಬೇಡಿ. ಇವರಿಗೆ ಸಾಮಾನ್ಯವಾಗಿ ಆರು ವಾರ ಕಟ್ಟುನಿಟ್ಟಾಗಿ ಸ್ವಚ್ಛತೆ ಪಾಲಿಸಲು ಹೇಳುತ್ತಾರೆ. ಯಾರಾದರೂ ಮೆಟ್ರೊನಿಡಜೋಲ್ ಅನ್ನುವ ಆಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದರೆ ಫಾರ್ಮಸಿಸ್ಟ್‌ಗೆ ಮರೆಯದೆ ಹೇಳಿ. ಅದರ ಜೊತೆ ಮೆಬೆಂಡಜೋಲ್ ಬೇಡ.

ಊರಿಗೆ ಹೋಗಿ ಬಂದ ಮೇಲೆ ಹೊಟ್ಟೆನೋವು, ರಕ್ತಹೀನತೆ, ತೂಕ ಇಳಿಯುವುದು, ಮಲದಲ್ಲಿ ರಕ್ತ ಅಥವಾ ದೊಡ್ಡ ಹುಳ ಕಂಡರೆ ಜಿಪಿ ಹತ್ತಿರವೇ ಹೋಗಬೇಕು. ಅದು ಕೊಕ್ಕೆಹುಳವೋ ಲಾಡಿಹುಳವೋ ಇರಬಹುದು, ಔಷಧಿಯೂ ಬೇರೆ ಇರಬಹುದು. ಎಲ್ಲಿಗೆ, ಯಾವಾಗ ಹೋಗಿದ್ದಿರಿ ಅಂತ ನೀವಾಗಿಯೇ ಹೇಳಿ. ಮಲ ಪರೀಕ್ಷೆಗೆ ಬರೆದುಕೊಡಲು ಜಿಪಿಗೆ ಆ ಮಾತು ಬೇಕು.