ಮಡಿಕೇರಿ ಮಳೆಯಲ್ಲಿ ಆರು ಬೆರಳಿನ ರೆಕ್ಕೆ

ಮೊಟ್ಟೆಯೊಳಗಿನ ಕೋಳಿ ಭ್ರೂಣದ ರೆಕ್ಕೆಗೆ ಕಸಿ ಮಾಡಿ ಬೆರಳು ಹೆಚ್ಚಿಸುತ್ತೇನೆ ಅಂದಾಗ, ‘ಇಲ್ಲಿ ಇದೆಲ್ಲ ಆಗಲ್ಲ ಬಿಡಿ ಸರ್’ ಅಂದವರೇ ಜಾಸ್ತಿ. ಆದರೂ ಆಯ್ತು. 1968ರಲ್ಲಿ ವಿಜ್ಞಾನಿಗಳಾದ ಸಾಂಡರ್ಸ್ ಮತ್ತು ಗ್ಯಾಸೆಲಿಂಗ್ ಪ್ರಕಟಿಸಿದ ಝಡ್‌ಪಿಎ (ಬೆರಳುಗಳ ಕ್ರಮ ನಿರ್ಧರಿಸುವ, ರೆಕ್ಕೆಯ ಮೊಗ್ಗಿನ ಹಿಂದಿನ ಅಂಚಿನ ಭಾಗ) ಕಸಿಯನ್ನು ಮಡಿಕೇರಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಮಾಡಿದ್ದೇನೆ.

ಮೊದಲ ವರ್ಷ ಸುಮಾರು 70 ಮೊಟ್ಟೆ ಹಾಳಾದವು. ಗೋಣಿಕೊಪ್ಪ ಕಡೆಯ ನಾಟಿ ಮೊಟ್ಟೆ, ಒಂದಕ್ಕೆ 15 ರೂಪಾಯಿ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಶುರು ಮಾಡಿದ್ದೇ ತಪ್ಪು. ಕರೆಂಟ್ ಹೋದರೆ ಐದಾರು ಗಂಟೆ ಬರುವುದಿಲ್ಲ. ಭ್ರೂಣ ಕಾಣಲು ಚಿಪ್ಪಿನಲ್ಲಿ ಕೊರೆದ ಕಿಟಕಿಗೆ ಅಂಟಿಸಿದ ಟೇಪಿನ ಅಡಿ ಎರಡೇ ದಿನಕ್ಕೆ ಬೂಸಲು. ಇನ್ವರ್ಟರ್‌ಗೆ 14,000, ಹಳೇ ಸ್ಟೀರಿಯೊ ಮೈಕ್ರೋಸ್ಕೋಪ್‌ಗೆ 22,000 ಸುರಿದೆ. ಮನೆಯವಳು ಒಂದು ವಾರ ಮಾತು ಬಿಟ್ಟಳು.

ದೊಡ್ಡ ತಪ್ಪು ಬೇರೆಯೇ ಇತ್ತು. ನಾನು ಗಂಟೆ ಎಣಿಸುತ್ತಿದ್ದೆ. 38 ಡಿಗ್ರಿಯಲ್ಲಿ ಮೂರು-ಮೂರೂವರೆ ದಿನಕ್ಕೆ ಭ್ರೂಣ ಕಸಿಗೆ ತಕ್ಕ 20ನೇ ಬೆಳವಣಿಗೆಯ ಹಂತಕ್ಕೆ ಬರಬೇಕು, ಸರಿ. ಆದರೆ ಎರಡು ಸಲ ತಣ್ಣಗಾದ ಮೊಟ್ಟೆಗೆ ಆ ಲೆಕ್ಕ ಎಲ್ಲಿ ಹಿಡಿಯುತ್ತೆ? ಈಗ ಗಡಿಯಾರ ಬಿಟ್ಟು ರೆಕ್ಕೆಯ ಮೊಗ್ಗನ್ನೇ, ಅಂದರೆ ಮುಂದೆ ರೆಕ್ಕೆಯಾಗುವ ಉಬ್ಬನ್ನೇ, ನೋಡುತ್ತೇನೆ.

ಕಸಿಗೆ ಬೇಕಾದ ಝಡ್‌ಪಿಎ, ಮೊಗ್ಗಿನ ಹಿಂದಿನ ಅಂಚಿನ ಆ ತುಂಡು, ರವೆ ಕಾಳಿಗಿಂತ ಚಿಕ್ಕದು. ಅದನ್ನು ಇನ್ನೊಂದು ಮೊಗ್ಗಿನ ಮುಂದಿನ ಅಂಚಿನಲ್ಲಿ, ಎಇಆರ್ ಏಣಿನ (ಮೊಗ್ಗಿನ ತುದಿಯಲ್ಲಿ ದಪ್ಪಗಾದ ಹೊರಪದರದ) ಅಡಿಗೆ ಸೇರಿಸಬೇಕು. ಕಿತ್ತಳೆ ಗಿಡಕ್ಕೆ ಕಣ್ಣು ಕಸಿ ಮಾಡುವಾಗ ಅಪ್ಪ ಹೇಳುತ್ತಿದ್ದದ್ದು ಇಲ್ಲಿ ಕೆಲಸಕ್ಕೆ ಬಂತು: ಕತ್ತರಿಸಿದ್ದು ಒಣಗಬಾರದು. ಮೊದಮೊದಲು ತುಂಡು ಜಾರಿ ಹಳದಿಯೊಳಗೆ ಬೀಳುತ್ತಿತ್ತು. ತುಂಡನ್ನು ಚುಚ್ಚಿ ನಿಲ್ಲಿಸುವ ಪ್ಲಾಟಿನಂ ತಂತಿಗೆ ದುಡ್ಡಿರಲಿಲ್ಲ, ಬೇರೆ ಉಪಾಯ ಹುಡುಕಿಕೊಂಡೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಟೇಪಿಗೆ ಬೂಸಲು ಹಿಡಿಯದಂತೆ ಮಾಡಿದ್ದೂ ಅಷ್ಟೇ.

ಮಧ್ಯೆ ಸುಮ್ನೆ ಕೆಲವು ಮೊಟ್ಟೆಗಳಲ್ಲಿ ಎಇಆರ್ ಏಣನ್ನೇ ತೆಗೆದು ನೋಡಿದೆ. ಬೇಗ ತೆಗೆದರೆ ರೆಕ್ಕೆ ತೋಳಿನ ಹತ್ತಿರವೇ ಮೊಟಕು. ತಡವಾಗಿ ತೆಗೆದರೆ ಮುಂಗೈವರೆಗೂ ಬೆಳೆದು, ಬೆರಳು ಮಾತ್ರ ಇಲ್ಲ. ಇದನ್ನು ಸಾಂಡರ್ಸ್ 1948ರಲ್ಲೇ ತೋರಿಸಿದ್ದರು. ಆದರೂ ನಮ್ಮ ಕೈಯಲ್ಲಿ ಆದಾಗ ಖುಷಿಯೇ ಬೇರೆ.

ಈ ಸಲ 24 ಕಸಿ ಮಾಡಿದೆ. ಹತ್ತನೇ ದಿನದವರೆಗೆ ಉಳಿದದ್ದು ಒಂಬತ್ತು. ಐದರಲ್ಲಿ ಬೆರಳು ಹೆಚ್ಚಿತ್ತು. ತುಂಡು ತೀರ ಚಿಕ್ಕದಾದ ಕಡೆ ಒಂದೇ ಬೆರಳು ಜಾಸ್ತಿ, ಆ ತುಂಡು ಸೂಸುವ, ಬೆರಳು ಮೂಡಿಸುವ ಸೋನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನ್ ಸಾಲದೆ ಹೋಗಿರಬೇಕು. ಎರಡರಲ್ಲಿ ಮಾತ್ರ ಪೂರ್ತಿ ಆರು.

ಆ ರೆಕ್ಕೆಗೆ, ಮೃದ್ವಸ್ಥಿಯನ್ನು ನೀಲಿ ಮಾಡುವ ಆಲ್ಸಿಯನ್ ಬ್ಲೂ ಬಣ್ಣ ಹಾಕಿ, ಮಾಂಸ ಪಾರದರ್ಶಕವಾಗಲು ವಿಂಟರ್‌ಗ್ರೀನ್ ಎಣ್ಣೆಯಲ್ಲಿಟ್ಟೆ. ಕೋಣೆಯೆಲ್ಲ ನೋವಿನ ಮುಲಾಮಿನ ವಾಸನೆ. ಮಾಂಸ ಗಾಜಿನಂತಾಗಿ, ಒಳಗೆ ನೀಲಿ ಬೆರಳುಗಳು ಕಂಡವು: 4, 3, 2, 2, 3, 4. ಕೋಳಿ ರೆಕ್ಕೆಯಲ್ಲಿ ಸಾಮಾನ್ಯವಾಗಿ 2, 3, 4 ಎಂದು ಕರೆಯುವ ಮೂರೇ ಬೆರಳು; ಇಲ್ಲಿ ಅವಕ್ಕೆ ಕನ್ನಡಿ ಹಿಡಿದ ಹಾಗೆ. ಮನೆಯವಳನ್ನು ಕರೆದು ತೋರಿಸಿದೆ. ಅವಳು ಎರಡು ಸಲ ಎಣಿಸಿ, ‘ಹೌದಲ್ವಾ, ಆರು’ ಅಂದಳು.