ಬೀಗದ ಕೈ ಕೊಟ್ಟ ಮೇಲೆ

ನಮ್ಮ ಪ್ರೌಢಶಾಲೆಯ ಕಚೇರಿ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಮರದ ಹಲಗೆಯಿದೆ. ಅದರಲ್ಲಿ ನಾಲ್ಕು ಮೊಳೆಗಳು, ಅವುಗಳಿಗೆ ತೂಗುಹಾಕಿದ ನಾಲ್ಕು ಬೀಗದ ಕೈಗಳು: ಗ್ರಂಥಾಲಯದ್ದು, ಮರಗೆಲಸದ ಕೋಣೆಯದ್ದು, ಆಟದ ಸಾಮಾನಿನ ಕೋಣೆಯದ್ದು, ಪ್ರಯೋಗಾಲಯದ್ದು. ಕೆಳಗೆ ಒಂದು ಉದ್ದನೆಯ ರಿಜಿಸ್ಟರು ಮತ್ತು ಅದಕ್ಕೆ ದಾರ ಕಟ್ಟಿದ ಪೆನ್ಸಿಲು. ಕೋಣೆ ಬೇಕಾದ ವಿದ್ಯಾರ್ಥಿ ತನ್ನ ಹೆಸರು, ಸಮಯ ಮತ್ತು ಕೆಲಸವನ್ನು ಬರೆದು ಕೈಯನ್ನು ತೆಗೆದುಕೊಂಡು ಹೋಗಬಹುದು. ಯಾರ ಅಪ್ಪಣೆಯೂ ಬೇಕಾಗಿಲ್ಲ. ಶಾಲೆಯನ್ನು ನೋಡಲು ಬರುವವರು ಸಾಮಾನ್ಯವಾಗಿ ಪಠ್ಯಕ್ರಮವನ್ನೂ ಫಲಿತಾಂಶವನ್ನೂ ಕೇಳುತ್ತಾರೆ, ನಾನು ಅವರಿಗೆ ಮೊದಲು ಆ ರಿಜಿಸ್ಟರನ್ನು ತೋರಿಸುತ್ತೇನೆ. ಹನ್ನೊಂದು ವರ್ಷಗಳಲ್ಲಿ ನಾವು ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ಅದರಲ್ಲಿ ದಾಖಲಾಗಿವೆ, ನನ್ನದೂ ಸೇರಿದಂತೆ.

ಈ ಶಾಲೆಯನ್ನು ಆರಂಭಿಸುವ ಮೊದಲು ನಾನು ಹದಿನಾರು ವರ್ಷ ಬೇರೊಂದು ದೊಡ್ಡ ಶಾಲೆಯಲ್ಲಿ ಗಣಿತ ಕಲಿಸಿದ್ದೆ. ಅಲ್ಲಿ ಶಿಸ್ತಿಗೆ ಕೊರತೆಯಿರಲಿಲ್ಲ, ಫಲಿತಾಂಶಕ್ಕೂ ಇರಲಿಲ್ಲ. ಒಂದು ದಿನ ಹದಿನೈದು ವರ್ಷದ, ತರಗತಿಗೇ ಮೊದಲಿಗಳಾಗಿದ್ದ ಹುಡುಗಿಯೊಬ್ಬಳು ಲೆಕ್ಕ ಮಾಡುತ್ತಾ ಪುಟದ ಕೊನೆಯ ಸಾಲಿಗೆ ಬಂದು, ಪೆನ್ನನ್ನು ಕೆಳಗಿಟ್ಟು, ಕೈ ಎತ್ತಿ, "ಸರ್, ಮುಂದಿನ ಪುಟಕ್ಕೆ ಹೋಗಲೇ?" ಎಂದು ಕೇಳಿದಳು. ಆ ಪ್ರಶ್ನೆಗೆ ತರಗತಿಯಲ್ಲಿ ಒಬ್ಬರೂ ನಗಲಿಲ್ಲ. ಉಳಿದವರೂ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ಇನ್ನು ಮೂರು ವರ್ಷಗಳಲ್ಲಿ ವಯಸ್ಕರೆನಿಸಿಕೊಳ್ಳಲಿರುವ ಮಕ್ಕಳಿಗೆ ಪುಟ ತಿರುಗಿಸಲೂ ಅನುಮತಿ ಬೇಕೆಂದು ಕಲಿಸಿದವರಲ್ಲಿ ನಾನೂ ಒಬ್ಬನೆಂಬುದು ಆ ಕ್ಷಣಕ್ಕೆ ಹೊಳೆಯಿತು ಎಂದರೆ ಸುಳ್ಳಾದೀತು. ಆ ದಿನ ನಾನು "ಹೋಗು" ಎಂದಷ್ಟೇ ಹೇಳಿ ಪಾಠ ಮುಂದುವರಿಸಿದೆ. ಪ್ರಶ್ನೆ ಕಾಡತೊಡಗಿದ್ದು ಎಷ್ಟೋ ತಿಂಗಳ ನಂತರ.

ಕೆಲಸ ಬಿಟ್ಟು, ನಾಲ್ವರು ಸಹೋದ್ಯೋಗಿಗಳೊಂದಿಗೆ ಈ ಶಾಲೆಯನ್ನು ತೆರೆಯುವಾಗ ನಮ್ಮ ಮುಂದೆ ಮಾದರಿಗಳಿಗೆ ಬರವಿರಲಿಲ್ಲ. ಎ. ಎಸ್. ನೀಲ್ 1921ರಲ್ಲಿ ಜರ್ಮನಿಯ ಡ್ರೆಸ್ಡೆನ್ ಬಳಿ ಆರಂಭಿಸಿದ, 1927ರಿಂದ ಇಂಗ್ಲೆಂಡಿನ ಲೀಸ್ಟನ್‌ನಲ್ಲಿ ನಡೆದುಬಂದಿರುವ ಸಮ್ಮರ್‌ಹಿಲ್ ಶಾಲೆಯಲ್ಲಿ ತರಗತಿಗೆ ಹೋಗುವುದು ಮಗುವಿನ ಇಚ್ಛೆಗೆ ಬಿಟ್ಟದ್ದು, ಮತ್ತು ಶಾಲೆಯ ಸಭೆಯಲ್ಲಿ ಪುಟ್ಟ ಮಗುವಿಗೂ ಮುಖ್ಯಸ್ಥರಿಗೂ ಇರುವುದು ಒಂದೊಂದೇ ಮತ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1968ರಲ್ಲಿ ಆರಂಭವಾದ ಸಡ್‌ಬರಿ ವ್ಯಾಲಿ ಶಾಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ಸಿಬ್ಬಂದಿ ಮುಂದಿನ ವರ್ಷ ಇರಬೇಕು ಎಂಬುದನ್ನೂ ವಿದ್ಯಾರ್ಥಿಗಳ ಮತಕ್ಕೆ ಹಾಕುತ್ತದೆ. ನಾವು ಅಷ್ಟು ದೂರ ಹೋಗಲಿಲ್ಲ. ಧೈರ್ಯ ಸಾಲಲಿಲ್ಲ ಎಂಬುದು ಒಂದು ಕಾರಣ. ನಮ್ಮ ಮಕ್ಕಳು ಕೊನೆಯ ವರ್ಷದಲ್ಲಿ ಪಬ್ಲಿಕ್ ಪರೀಕ್ಷೆ ಬರೆಯಬೇಕಾದವರು, ಹೆಚ್ಚಿನವರು ಹದಿಮೂರನೆಯ ವಯಸ್ಸಿನಲ್ಲಿ ಬೇರೆ ಶಾಲೆಗಳಿಂದ ಬಂದವರು ಎಂಬುದು ಇನ್ನೊಂದು. ಮೊದಲ ವರ್ಷ ಮೂವತ್ತೊಂದು ಮಂದಿಯಿದ್ದರು. ಅರವತ್ತಕ್ಕಿಂತ ಹೆಚ್ಚು ಸೇರಿಸಿಕೊಳ್ಳಬಾರದು ಎಂದು ಆಗಲೇ ನಿರ್ಧರಿಸಿದ್ದೆವು. ಎಲ್ಲರೂ ಒಂದೇ ಕೋಣೆಯಲ್ಲಿ ವೃತ್ತಾಕಾರವಾಗಿ ಕೂತು, ಮೈಕು ಇಲ್ಲದೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವಷ್ಟು ಜನ ಮಾತ್ರ ಇರಬೇಕು ಎಂಬುದು ನಮ್ಮ ಅಳತೆಗೋಲಾಗಿತ್ತು.

ಆರಂಭದಲ್ಲೇ ನಾನು ಮಾಡಿದ ದೊಡ್ಡ ತಪ್ಪೆಂದರೆ, "ಇಲ್ಲಿ ಎಲ್ಲವನ್ನೂ ನಾವೆಲ್ಲರೂ ಸೇರಿ ನಿರ್ಧರಿಸೋಣ" ಎಂದು ಮೊದಲ ದಿನವೇ ಉದಾರವಾಗಿ ಘೋಷಿಸಿದ್ದು. ಮಕ್ಕಳು ಮಾತನ್ನು ಅಕ್ಷರಶಃ ತೆಗೆದುಕೊಳ್ಳುತ್ತಾರೆ. ಎರಡನೆಯ ತಿಂಗಳಲ್ಲಿ, ಶಾಲೆಯಲ್ಲಿ ಹಾಜರಿ ತೆಗೆದುಕೊಳ್ಳುವ ಪದ್ಧತಿಯನ್ನೇ ಕೈಬಿಡಬೇಕೆಂಬ ಠರಾವು ಮಂಡನೆಯಾಯಿತು, ಚೆನ್ನಾಗಿ ವಾದಿಸಲಾಯಿತು, ಭಾರಿ ಬಹುಮತದಿಂದ ಅಂಗೀಕಾರವೂ ಆಯಿತು. ಹಾಜರಿಯ ದಾಖಲೆಯಿಲ್ಲದೆ ಯಾರನ್ನೂ ಪರೀಕ್ಷೆಗೆ ಕೂರಿಸಲು ಸಾಧ್ಯವಿರಲಿಲ್ಲವಾದ್ದರಿಂದ ಮರುದಿನ ನಾನು ಅದನ್ನು ರದ್ದು ಮಾಡಬೇಕಾಯಿತು. ಆ ವಾರದ ನಡಾವಳಿ ಬರೆಯುವ ಸರದಿ ಹದಿನಾಲ್ಕು ವರ್ಷದ ಹುಡುಗನೊಬ್ಬನದಾಗಿತ್ತು. ಅವನು ಬರೆದ ಸಾಲು ನಡಾವಳಿ ಪುಸ್ತಕದಲ್ಲಿ ಇಂದಿಗೂ ಹಾಗೆಯೇ ಇದೆ: "ಸಭೆಯ ತೀರ್ಮಾನವನ್ನು ಮುಖ್ಯೋಪಾಧ್ಯಾಯರು ರದ್ದುಗೊಳಿಸಿದರು. ಕಾರಣ ನಿಯಮ. ನಿಯಮ ಇದೆಯೆಂದು ಅವರು ಮೊದಲು ಹೇಳಿರಲಿಲ್ಲ."

ಆ ನಂತರದ ಒಂದೂವರೆ ತಿಂಗಳು ಸಭೆಗೆ ಬಂದವರು ಬಾಯಿ ತೆರೆಯಲಿಲ್ಲ. ತಮ್ಮದು ಆಟದ ಸಭೆ ಎಂದು ಅವರಿಗೆ ಅನಿಸಿತ್ತು, ಅದರಲ್ಲಿ ತಪ್ಪೇನೂ ಇರಲಿಲ್ಲ. ಕೊನೆಗೆ ಶಿಕ್ಷಕರೆಲ್ಲ ಕೂತು, ಸಭೆಯ ವ್ಯಾಪ್ತಿಗೆ ಬಾರದ ವಿಷಯಗಳು ಯಾವುವು ಎಂದು ಒಂದೇ ಪುಟದಲ್ಲಿ ಬರೆದೆವು: ಜೀವಕ್ಕೆ ಅಪಾಯ ತರುವ ವಿಷಯಗಳು, ಕಾನೂನಿಗೂ ಪರೀಕ್ಷೆಗೂ ಸಂಬಂಧಿಸಿದ ಕಡ್ಡಾಯಗಳು, ಸಿಬ್ಬಂದಿಯ ನೇಮಕ ಮತ್ತು ಸಂಬಳ, ಯಾವುದೇ ವಿದ್ಯಾರ್ಥಿಯ ಮನೆಯ ಖಾಸಗಿ ಸಂಗತಿಗಳು. ಇವಿಷ್ಟನ್ನು ಬಿಟ್ಟು ಉಳಿದದ್ದೆಲ್ಲ ಸಭೆಯದು, ಅದರಲ್ಲಿ ನನಗೂ ಒಂದೇ ಮತ, ಸಭೆಯ ತೀರ್ಮಾನ ನನಗೆ ಮೂರ್ಖತನವೆಂದು ಕಂಡರೂ ಅದನ್ನು ಬದಲಿಸುವ ಅಧಿಕಾರ ನನಗಿಲ್ಲ ಎಂದು ಬರೆದು ಸಹಿ ಹಾಕಿದೆ. ಕೊಡಲಾಗದ್ದನ್ನು ಮೊದಲೇ ಹೇಳಿಬಿಡುವುದು, ಕೊಟ್ಟದ್ದನ್ನು ಕೆಟ್ಟ ಗಳಿಗೆಯಲ್ಲಿ ವಾಪಸು ಕೇಳದಿರುವುದು: ಇಂಥ ಶಾಲೆ ಇವೆರಡರ ಮೇಲೆ ನಿಂತಿದೆಯೆಂದು ನಾನು ಈಗ ನಂಬುತ್ತೇನೆ. ಮೊದಲನೆಯದನ್ನು ಹಾಜರಿಯ ಪ್ರಕರಣ ಕಲಿಸಿತು. ಎರಡನೆಯದಕ್ಕೆ ಗ್ರಂಥಾಲಯದ ಕಿಟಕಿ ಬೇಕಾಯಿತು.

ಅದು ಎರಡನೆಯ ವರ್ಷದ ಮಾತು. ಯಾರೋ ಸಂಜೆ ಗ್ರಂಥಾಲಯದಲ್ಲಿ ಓದಿ, ಬಾಗಿಲಿಗೆ ಬೀಗ ಹಾಕಿ, ಕಿಟಕಿ ಮುಚ್ಚುವುದನ್ನು ಮರೆತು ಹೋಗಿದ್ದರು. ರಾತ್ರಿಯಿಡೀ ಮಳೆ ಸುರಿದಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಕಿಟಕಿಯ ಕೆಳಗಿನ ಎರಡು ಸಾಲಿನ ಪುಸ್ತಕಗಳು ನೀರು ಕುಡಿದು ಉಬ್ಬಿ, ಒಂದಕ್ಕೊಂದು ಅಂಟಿಕೊಂಡು, ಹೊರಗೆ ಎಳೆಯಲೂ ಬಾರದಂತೆ ಕಪಾಟಿನಲ್ಲಿ ಬಿಗಿದುಕೊಂಡಿದ್ದವು. ನಾನು ಒಂದು ಮಾತೂ ಆಡದೆ ಹಲಗೆಯಿಂದ ಗ್ರಂಥಾಲಯದ ಕೈಯನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಹಾಗೆ ಮಾಡುವಾಗ ನನಗೆ ಸ್ವಲ್ಪವೂ ಅಳುಕಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು; ಹದಿನಾರು ವರ್ಷದ ಅಭ್ಯಾಸ ಕೈಯಲ್ಲಿತ್ತು.

ಮೂರು ದಿನಗಳ ನಂತರದ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯ ಒದ್ದೆಯಾದ ಪುಸ್ತಕಗಳದ್ದು, ಎರಡನೆಯದು ನನ್ನದು. ಆ ವಾರದ ಅಧ್ಯಕ್ಷೆಯಾಗಿದ್ದ ಹುಡುಗಿ ಬಹಳ ಮರ್ಯಾದೆಯಿಂದ, "ಸರ್, ನೀವು ಸಹಿ ಹಾಕಿದ ಪುಟದಲ್ಲಿರುವ ಯಾವ ವಿಷಯದ ಅಡಿಯಲ್ಲಿ ಕೈ ತೆಗೆದಿರಿ?" ಎಂದು ಕೇಳಿದಳು. ಪುಸ್ತಕ ನೆನೆಯುವುದು ಜೀವಕ್ಕೆ ಅಪಾಯವಲ್ಲ. ನನ್ನ ಬಳಿ ಉತ್ತರವಿರಲಿಲ್ಲ. ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟೆ. ಆಮೇಲೆ ನಡೆದ ಚರ್ಚೆ ಒಂದು ಗಂಟೆಗೂ ಮೀರಿ ಎಳೆಯಿತು. ರಿಜಿಸ್ಟರಿನಲ್ಲಿ ಹೆಸರಿದ್ದ ಇಬ್ಬರು ತಾವೇ ಎದ್ದುನಿಂತು, ಇಬ್ಬರೂ ಇನ್ನೊಬ್ಬರು ಕಿಟಕಿ ಮುಚ್ಚುತ್ತಾರೆಂದು ಭಾವಿಸಿದ್ದಾಗಿ ಹೇಳಿದರು. ಆ ಇಬ್ಬರೊಂದಿಗೆ ಇನ್ನೂ ಐದಾರು ಮಂದಿ ಸೇರಿ ಎರಡು ವಾರ ಪುಸ್ತಕಗಳ ಪುಟಗಳ ನಡುವೆ ಹಳೆಯ ಪತ್ರಿಕೆಯ ಹಾಳೆಗಳನ್ನಿಟ್ಟು, ದಿನಕ್ಕೆರಡು ಬಾರಿ ಬದಲಿಸಿ, ಒಣಗಿಸಿದರು. ಕೆಲವು ಉಳಿದವು, ಕೆಲವು ಉಳಿಯಲಿಲ್ಲ. ರಿಜಿಸ್ಟರಿನಲ್ಲಿ "ಕಿಟಕಿ" ಎಂಬ ಹೊಸ ಅಂಕಣ ಸೇರಿದ್ದು ಆಗಲೇ; ಕೈ ಮರಳಿಸುವವರು ಅದರಲ್ಲಿ ಗುರುತು ಹಾಕಬೇಕು. ಕೈ ನನ್ನ ಜೇಬಿನಲ್ಲೇ ಉಳಿದಿದ್ದರೆ ಆ ಅಂಕಣ ಹುಟ್ಟುತ್ತಿರಲಿಲ್ಲ, ಕಿಟಕಿಯ ಹೊಣೆಯೂ ಕೊನೆಯವರೆಗೆ ನನ್ನದೇ ಆಗಿರುತ್ತಿತ್ತು.

ಪ್ರಯೋಗಾಲಯದ ಕೈಯ ಲೆಕ್ಕ ಬೇರೆ. ಅಲ್ಲಿ ಆಮ್ಲಗಳಿವೆ, ಗ್ಯಾಸಿದೆ. ಆದ್ದರಿಂದ ಅದು ಸುರಕ್ಷತೆಯ ಪರೀಕ್ಷೆಯಲ್ಲಿ ಪಾಸಾದವರಿಗೆ ಮಾತ್ರ, ಅದೂ ಇಬ್ಬರು ಒಟ್ಟಿಗಿದ್ದರೆ ಮಾತ್ರ. ಆಮ್ಲಕ್ಕೆ ನೀರು ಸುರಿಯಬಾರದು, ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸಬೇಕು ಎಂಬುದನ್ನು ಬಾಯಲ್ಲಿ ಹೇಳಿದರೆ ಸಾಲದು; ಮಾಡಿ ತೋರಿಸಬೇಕು, ಏಕೆಂದು ವಿವರಿಸಬೇಕು. ವಿಜ್ಞಾನ ಶಿಕ್ಷಕಿ ರೂಪಿಸಿದ ಈ ಪರೀಕ್ಷೆಯನ್ನು ಈಗ ಅವರ ಕಣ್ಣೆದುರಿನಲ್ಲೇ ಹಿರಿಯ ವಿದ್ಯಾರ್ಥಿಗಳು ನಡೆಸುತ್ತಾರೆ, ಮತ್ತು ಅವರು ಶಿಕ್ಷಕಿಗಿಂತ ಹೆಚ್ಚು ಕಟ್ಟುನಿಟ್ಟು.

ಕಲಿಕೆಯ ವ್ಯವಸ್ಥೆಗೆ ನಾವು ಆಧಾರವಾಗಿಟ್ಟುಕೊಂಡದ್ದು ಅಮೆರಿಕದ ಶಿಕ್ಷಣತಜ್ಞೆ ಹೆಲೆನ್ ಪಾರ್ಕ್‌ಹರ್ಸ್ಟ್ 1920ರ ಸುಮಾರಿಗೆ ರೂಪಿಸಿದ ಡಾಲ್ಟನ್ ಯೋಜನೆಯನ್ನು. ಅದರ ತಿರುಳು ಸರಳ: ಒಂದು ತಿಂಗಳ ಕೆಲಸವನ್ನು ವಿದ್ಯಾರ್ಥಿ ಒಪ್ಪಂದದಂತೆ ಒಪ್ಪಿಕೊಳ್ಳುತ್ತಾನೆ, ಯಾವ ದಿನ ಯಾವ ವಿಷಯಕ್ಕೆ ಎಷ್ಟು ಹೊತ್ತು ಎಂಬುದನ್ನು ತಾನೇ ಹಂಚಿಕೊಳ್ಳುತ್ತಾನೆ. ನಮ್ಮಲ್ಲಿ ಬೆಳಗಿನ ಎರಡು ಅವಧಿಗಳು ಎಲ್ಲರಿಗೂ ನಿಗದಿಯಾದ ಪಾಠ. ಉಳಿದ ಸಮಯ ಅವರವರ ಯೋಜನಾ ಕಾರ್ಡಿನಂತೆ. ವಾರಕ್ಕೊಮ್ಮೆ ಮಾರ್ಗದರ್ಶಿ ಶಿಕ್ಷಕರೊಂದಿಗೆ ಇಪ್ಪತ್ತು ನಿಮಿಷದ ಮಾತುಕತೆ, ಒಬ್ಬ ಶಿಕ್ಷಕರಿಗೆ ಹನ್ನೆರಡಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿಲ್ಲ. ನನ್ನ ಗುಂಪಿನ ಹುಡುಗಿಯೊಬ್ಬಳು ಮೊದಲ ತಿಂಗಳ ಕಾರ್ಡಿನಲ್ಲಿ ಒಂಬತ್ತು ಕೆಲಸಗಳನ್ನು ಬರೆದಿದ್ದಳು. ಅಷ್ಟು ಆಗದೆಂದು ನೋಡಿದೊಡನೆ ಗೊತ್ತಾಗಿತ್ತು. ಹಿಂದಿನ ವರ್ಷವಾಗಿದ್ದರೆ ಕೆಂಪು ಪೆನ್ನು ಹಿಡಿದು ಐದನ್ನು ಹೊಡೆದುಹಾಕುತ್ತಿದ್ದೆ. ಈ ಸಲ ಸುಮ್ಮನಿದ್ದೆ. ತಿಂಗಳ ಕೊನೆಗೆ ಎರಡು ಮುಗಿದಿದ್ದವು. ಮುಂದಿನ ತಿಂಗಳು ಅವಳು ಅವಮಾನಕ್ಕೆಂಬಂತೆ ಎರಡನ್ನೇ ಬರೆದು ಹತ್ತು ದಿನಕ್ಕೆ ಮುಗಿಸಿ ಕೂತಳು. ನಾಲ್ಕನೆಯ ತಿಂಗಳ ಹೊತ್ತಿಗೆ ಅವಳ ಅಂದಾಜು ನನ್ನ ಅಂದಾಜಿಗಿಂತ ಕರಾರುವಾಕ್ಕಾಗಿತ್ತು, ಏಕೆಂದರೆ ತನಗೆ ರೇಖಾಗಣಿತಕ್ಕೆ ಹಿಡಿಯುವ ಸಮಯ ಪ್ರಬಂಧಕ್ಕೆ ಹಿಡಿಯುವುದರ ಮೂರರಷ್ಟು ಎಂಬುದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಎಲ್ಲರ ಕಥೆಯೂ ಹೀಗೆ ನಾಲ್ಕು ತಿಂಗಳಲ್ಲಿ ದಡ ಸೇರುವುದಿಲ್ಲ. ಕಟ್ಟುನಿಟ್ಟಿನ ಶಾಲೆಯೊಂದರಿಂದ ಬಂದ ಹುಡುಗನೊಬ್ಬ ಬೆಳಗಿನ ಪಾಠ ಮುಗಿದೊಡನೆ ಹಿಂದಿನ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದ. ಓದುತ್ತಿರಲಿಲ್ಲ, ಆಡುತ್ತಿರಲಿಲ್ಲ, ಯಾರಿಗೂ ತೊಂದರೆ ಕೊಡುತ್ತಿರಲಿಲ್ಲ. ಪಾಠದ ಮೇಲೆ ಜಿಗುಪ್ಸೆ ಬಂದ ಮಕ್ಕಳು ಚೇತರಿಸಿಕೊಳ್ಳಲು ಸರಾಸರಿ ಮೂರು ತಿಂಗಳು ಬೇಕೆಂದು ನೀಲ್ ತಮ್ಮ ಅನುಭವದಿಂದ ಬರೆದಿದ್ದರು. ಆ ಮೂರು ತಿಂಗಳು ಕಳೆದು ಐದಾದಾಗ ನನ್ನ ತಾಳ್ಮೆ ಬತ್ತಿತ್ತು, ಅವನ ತಂದೆಯದು ಅದಕ್ಕೂ ಮೊದಲೇ. ವಾರದ ಇಪ್ಪತ್ತು ನಿಮಿಷಗಳಲ್ಲಿ ನಾವಿಬ್ಬರೂ ಹೆಚ್ಚಾಗಿ ಸುಮ್ಮನೆ ಕೂತಿರುತ್ತಿದ್ದೆವು. ಆರನೆಯ ತಿಂಗಳಲ್ಲಿ ಒಂದು ದಿನ ರಿಜಿಸ್ಟರಿನಲ್ಲಿ ಅವನ ಹೆಸರು ಕಂಡಿತು: ಮರಗೆಲಸದ ಕೋಣೆ, ಕೆಲಸದ ಅಂಕಣದಲ್ಲಿ "ಮೆಟ್ಟಿಲು". ತಾನು ಕೂರುತ್ತಿದ್ದ ಮೆಟ್ಟಿಲ ಸಡಿಲವಾದ ಹಲಗೆಯನ್ನು ಅವನು ಬಿಚ್ಚಿ ಸರಿಮಾಡಿದ್ದ. ಅಲ್ಲಿಂದ ಅವನು ದೊಡ್ಡ ಓದಾಳಿಯಾದ ಎಂದು ಬರೆಯಲು ನನಗೂ ಆಸೆಯೇ, ಆದರೆ ಹಾಗಾಗಲಿಲ್ಲ. ಪರೀಕ್ಷೆಯಲ್ಲಿ ಸಾಧಾರಣ ಅಂಕ ಪಡೆದ, ಸಭೆಯಲ್ಲಿ ಅಪರೂಪಕ್ಕೆ ಮಾತಾಡಿದ. ಶಾಲೆಯ ಬಾಗಿಲು, ಕಿಟಕಿ, ಬೆಂಚುಗಳ ದುರಸ್ತಿಯನ್ನು ಮಾತ್ರ ಹೊರಡುವವರೆಗೂ ಅವನೇ ನೋಡಿಕೊಂಡ. ಆ ಐದು ತಿಂಗಳು ನಾನು ಸುಮ್ಮನಿದ್ದದ್ದು ಸರಿಯೇ ಎಂಬ ಬಗ್ಗೆ ನನ್ನ ಸಹೋದ್ಯೋಗಿಗಳಲ್ಲಿ ಇಂದಿಗೂ ಒಮ್ಮತವಿಲ್ಲ.

ಜಗಳ, ದೂರುಗಳ ವಿಚಾರಣೆಗೆ ಐವರು ವಿದ್ಯಾರ್ಥಿಗಳ ಸಮಿತಿಯಿದೆ. ಇದರ ಪ್ರೇರಣೆ ಪೋಲೆಂಡಿನ ವೈದ್ಯ, ಶಿಕ್ಷಣತಜ್ಞ ಯಾನುಷ್ ಕೋರ್ಚಾಕ್ ಅವರದು. ವಾರ್ಸಾದಲ್ಲಿ ಅವರು ನಡೆಸಿದ ಅನಾಥಾಲಯದಲ್ಲಿ ಮಕ್ಕಳದೇ ನ್ಯಾಯಾಲಯವಿತ್ತು, ಅದರ ನಿಯಮಾವಳಿಯ ಮೊದಲ ತೊಂಬತ್ತೊಂಬತ್ತು ಕಲಮುಗಳು ಕ್ಷಮೆಯ ಕಡೆಗೋ ಮೊಕದ್ದಮೆ ಕೈಬಿಡುವ ಕಡೆಗೋ ವಾಲುವಂಥವು, ಮತ್ತು ಸ್ವತಃ ಕೋರ್ಚಾಕ್ ಆ ನ್ಯಾಯಾಲಯದ ಮುಂದೆ ನಿಂತಿದ್ದರು. ನಮ್ಮ ಸಮಿತಿ ಮೊದಲ ವರ್ಷ ಶಿಕ್ಷೆ ವಿಧಿಸುವುದರಲ್ಲಿ ಯಾವ ಮುಖ್ಯೋಪಾಧ್ಯಾಯರಿಗೂ ಕಡಿಮೆಯಿರಲಿಲ್ಲ. ಮಕ್ಕಳು ತಾವು ಕಂಡ ಅಧಿಕಾರವನ್ನೇ ಅನುಕರಿಸುತ್ತಾರೆ. ಪ್ರತಿ ತೀರ್ಪಿನ ಮೊದಲು "ಕೆಟ್ಟದ್ದು ಸರಿಯಾಗಲು ಏನು ಆಗಬೇಕು?" ಎಂಬ ಪ್ರಶ್ನೆಗೆ ಲಿಖಿತ ಉತ್ತರವಿರಬೇಕೆಂದು ಸಭೆ ನಿಯಮ ಮಾಡಿದ ಮೇಲೆ ಅದರ ಧಾಟಿ ಬದಲಾಯಿತು. ನಾನು ಎರಡು ಬಾರಿ ಅದರ ಮುಂದೆ ಕೂತಿದ್ದೇನೆ, ಎರಡೂ ಸಲ ಒಂದೇ ಆರೋಪ: ಸಭೆಯಲ್ಲಿ ಬೇರೆಯವರ ಮಾತಿನ ನಡುವೆ ಬಾಯಿ ಹಾಕಿದ್ದು. ಎರಡನೆಯ ಸಲದ ತೀರ್ಪಿನಂತೆ ಒಂದು ತಿಂಗಳ ಸಭೆಗಳಲ್ಲಿ ನಾನು ಎಲ್ಲರಿಗಿಂತ ಕೊನೆಗೆ ಮಾತಾಡಬೇಕಾಯಿತು. ನನ್ನ ಸರದಿ ಬರುವಷ್ಟರಲ್ಲಿ ನಾನು ಹೇಳಬೇಕೆಂದಿದ್ದುದನ್ನು ಬಹುಮಟ್ಟಿಗೆ ಯಾರಾದರೂ ಹೇಳಿ ಮುಗಿಸಿರುತ್ತಿದ್ದರು.

ಪೋಷಕರ ಆತಂಕದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ಸಹಜ, ಮತ್ತು ಮಾತಿನಿಂದ ಅದು ಕರಗುವುದಿಲ್ಲ. ತಪಾಸಣೆಗೆ ಬರುವ ಅಧಿಕಾರಿಗಳ ವಿಷಯದಲ್ಲಿ ಮಾತ್ರ ನಾನು ಹೊಸ ಶಿಕ್ಷಕರಿಗೆ ಒಂದು ಘಟನೆಯನ್ನು ಹೇಳುವುದುಂಟು. 1999ರ ತಪಾಸಣೆಯ ನಂತರ ಬ್ರಿಟಿಷ್ ಸರ್ಕಾರ ಸಮ್ಮರ್‌ಹಿಲ್‌ಗೆ ನೋಟಿಸು ಕೊಟ್ಟು, ಇಚ್ಛೆಯಿದ್ದರೆ ಮಾತ್ರ ಪಾಠ ಎಂಬ ಅದರ ಪದ್ಧತಿಯನ್ನೇ ಪ್ರಶ್ನಿಸಿತು. 2000ದ ಮಾರ್ಚಿನಲ್ಲಿ ಲಂಡನ್ನಿನಲ್ಲಿ ವಿಚಾರಣೆ ನಡೆದು ಸರ್ಕಾರ ರಾಜಿಗೆ ಬಂದಾಗ, ಅಲ್ಲಿದ್ದ ವಿದ್ಯಾರ್ಥಿಗಳು ಆ ನ್ಯಾಯಾಲಯದ ಕೊಠಡಿಯಲ್ಲೇ ತಮ್ಮ ಸಭೆ ಸೇರಿಸಿ, ರಾಜಿಯ ಷರತ್ತುಗಳನ್ನು ಚರ್ಚಿಸಿ, ಮತ ಹಾಕಿ ಒಪ್ಪಿದರು. ಸಭೆ ನಡೆಸುವುದು ಅವರಿಗೆ ಯಾರಿಗೋ ತೋರಿಸಲು ಕಲಿತ ವಿದ್ಯೆಯಾಗಿರಲಿಲ್ಲ, ವಾರವಾರದ ರೂಢಿಯಾಗಿತ್ತು.

ನಮ್ಮಲ್ಲಿ ಇನ್ನೂ ಬಗೆಹರಿಯದ್ದು ಮಾತು ಬಾರದವರ ಪ್ರಶ್ನೆ. ಒಬ್ಬರಿಗೊಂದು ಮತವೆಂದರೂ, ಚೆನ್ನಾಗಿ ಮಾತಾಡುವ ನಾಲ್ಕೈದು ಮಂದಿ ಸಭೆಯನ್ನು ಎಳೆದುಕೊಂಡು ಹೋಗುತ್ತಾರೆ. ಪ್ರಸ್ತಾವವನ್ನು ಒಂದು ವಾರ ಮೊದಲೇ ಗೋಡೆಗೆ ಅಂಟಿಸಬೇಕು, ಮತಕ್ಕೆ ಮುನ್ನ ಎರಡು ನಿಮಿಷ ಎಲ್ಲರೂ ಮೌನವಾಗಿರಬೇಕು, ಮಾತಾಡಲಾರದವರು ಚೀಟಿಯಲ್ಲಿ ಬರೆದು ಕೊಟ್ಟರೆ ಅಧ್ಯಕ್ಷರು ಅದನ್ನು ಮೊದಲು ಓದಬೇಕು ಎಂಬ ಮೂರು ಕ್ರಮಗಳನ್ನು ತಂದಿದ್ದೇವೆ. ಚೀಟಿಗಳು ಬರುತ್ತಿವೆ. ಕಳೆದ ವಾರ ಬಂದವುಗಳಲ್ಲಿ ಒಂದರಲ್ಲಿ, ರಿಜಿಸ್ಟರಿಗೆ ಕಟ್ಟಿದ ದಾರ ತೀರಾ ಗಿಡ್ಡವಾಗಿದ್ದು ಎಡಗೈಯಲ್ಲಿ ಬರೆಯುವವರಿಗೆ ಪೆನ್ಸಿಲು ಎಟುಕುವುದಿಲ್ಲ ಎಂದಿತ್ತು. ಹನ್ನೊಂದು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ದಾರವನ್ನು ಅಂದೇ ಬದಲಿಸಿದರು.